ಅಖಾಡದಲ್ಲೊಂದು ನಂಟು

ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಅವರ 2008ರ ಕಾದಂಬರಿ ‘ದಿ ಹಂಗರ್ ಗೇಮ್ಸ್’ನಲ್ಲಿ ಜಿಲ್ಲೆಗಳಿಂದ ಚೀಟಿ ಎತ್ತಿ 24 ಮಕ್ಕಳನ್ನು ಅಖಾಡಕ್ಕೆ ಬಿಡುತ್ತಾರೆ, ಬದುಕುಳಿಯಬೇಕಾದವರು ಒಬ್ಬರೇ. ಚೀಟಿಯಲ್ಲಿ ತಂಗಿಯ ಹೆಸರು ಬಂದಾಗ 16ರ ಕ್ಯಾಟ್ನಿಸ್ ತಾನೇ ಹೊರಟು ನಿಲ್ಲುತ್ತಾಳೆ. ಎಲ್ಲರೂ ಮೆಚ್ಚುವ ಧೈರ್ಯ ಅದು. ನನಗೆ ಅದಕ್ಕಿಂತ ದೊಡ್ಡದೆನಿಸುವುದು, ಕೊಲ್ಲಬೇಕಾದ ಕಾಡಿನಲ್ಲಿ ಆಕೆ ಬೇರೆ ಜಿಲ್ಲೆಯಿಂದ ಬಂದ 12ರ ಸ್ಪರ್ಧಿ ರೂಳನ್ನು ನಂಬಿದ್ದು. ಕಣಜ ಕಚ್ಚಿದ ಕ್ಯಾಟ್ನಿಸ್‌ಳ ಗಾಯಕ್ಕೆ ರೂ ಸೊಪ್ಪು ಅಗಿದು ಹಚ್ಚುತ್ತಾಳೆ. ಕ್ಯಾಟ್ನಿಸ್ ತಾನು ಬೇಟೆಯಾಡಿದ ಹಕ್ಕಿಯ ಕಾಲನ್ನು ಅವಳಿಗೆ ಕೊಡುತ್ತಾಳೆ. ಇಡೀ ಕಾಲು ತನ್ನೊಬ್ಬಳಿಗೇ ಸಿಕ್ಕಿದ್ದು ರೂಗೆ ಅದೇ ಮೊದಲು. ನಾಡಿಗೆಲ್ಲ ಅನ್ನ ಬೆಳೆಯುವ ಜಿಲ್ಲೆಯ ಮಗು, ನೋಡಿ! ರೂ ಸತ್ತಾಗ ಕ್ಯಾಟ್ನಿಸ್ ಅವಳ ಮೈಗೆ ಹೂ ಹೊದಿಸುತ್ತಾಳೆ. ಆ ಬಡ ಜಿಲ್ಲೆಯ ಜನ ಪರಜಿಲ್ಲೆಯ ಈ ಹುಡುಗಿಗೆ ರೊಟ್ಟಿ ಕಳಿಸುತ್ತಾರೆ. ಮುಂದೆ ಅದೇ ಜಿಲ್ಲೆಯ ಇನ್ನೊಬ್ಬ ಸ್ಪರ್ಧಿ ಥ್ರೆಶ್‌ನ ಕೈಗೆ ಕ್ಯಾಟ್ನಿಸ್ ಸಿಕ್ಕಿಬೀಳುತ್ತಾಳೆ. ರೂಗಾಗಿ, ಇದೊಂದು ಸಲಕ್ಕೆ ಮಾತ್ರ, ಅವನು ಬಿಟ್ಟುಬಿಡುತ್ತಾನೆ.