ವಿಭಾಗಕ್ಕೊಬ್ಬ ಯಜಮಾನ



ಬೆಳಗಾವಿ, ವಿಜಯಪುರ, ಧಾರವಾಡಗಳಿಂದ ಪ್ರತಿ ವರ್ಷವೂ ನಮ್ಮ ಮಕ್ಕಳು ಇಂಜಿನಿಯರಿಂಗ್ ಕಲಿಯಲು ಪುಣೆಗೆ ಬರುತ್ತಾರೆ. ಈಗ ಇಂಜಿನಿಯರಿಂಗಿನೊಡನೆ ಉದ್ಯಮದ ಆಡಳಿತವನ್ನೂ ಕಲಿಸುವ ತರಗತಿಗಳು ಹುಟ್ಟಿಕೊಂಡಿವೆ. ಅಂಥ ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸುವ ಮಂಡಲಿಗಳಲ್ಲಿ ನಿಮ್ಮಲ್ಲಿ ಕೆಲವರು ಕುಳಿತಿರಬಹುದು. ಸಾಲ ಮಾಡಿ ಮಕ್ಕಳನ್ನು ಓದಿಸುವವರಂತೂ ಹಲವರುಂಟು. ಆದ್ದರಿಂದ ಈ ಆಯ್ಕೆಯ ವಿಷಯದಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ವಿಶ್ವೇಶ್ವರಯ್ಯನವರು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆ ಮುಗಿಸಿದ್ದು ಇದೇ ಊರಿನ ಕಾಲೇಜಿನಲ್ಲಿ. 1854ರಲ್ಲಿ ಆರಂಭವಾದ ಆ ವಿದ್ಯಾಸಂಸ್ಥೆ 2022ರಲ್ಲಿ ತಾನೇ ಒಂದು ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ವಿಶ್ವೇಶ್ವರಯ್ಯನವರು ಕಲಿಯುತ್ತಿದ್ದಾಗ ಅಲ್ಲಿ ಪ್ರಾಂಶುಪಾಲರಾಗಿದ್ದವರು ಥಿಯೋಡರ್ ಕುಕ್. ಅವರು ರೈಲ್ವೆಯಲ್ಲಿ ಸೇತುವೆ ಕಟ್ಟಿಸಿ ಬಂದ ಇಂಜಿನಿಯರು. ಮುಂಬಯಿ ಪ್ರಾಂತದ ಸಸ್ಯಗಳ ಮೇಲೆ ದೊಡ್ಡ ಗ್ರಂಥ ಬರೆದ ಪಂಡಿತರೂ ಹೌದು. ಕಟ್ಟಿದ ಕೈಯೇ ಕಲಿಸುವ ಕೈಯೂ ಆಗಿತ್ತು.

ಆದರೆ ಕಟ್ಟುವ ವಿದ್ಯೆಯೊಂದೇ ಸಾಲದು. ಭದ್ರಾವತಿಯನ್ನು ನೆನೆಯಿರಿ. 1923ರಲ್ಲಿ ಅಲ್ಲಿ ಮರದ ಇದ್ದಲಿನಿಂದ ಕಬ್ಬಿಣ ಕರಗಿಸುವ ಕುಲುಮೆ ಹೊತ್ತಿಕೊಂಡಿತು. ಕಬ್ಬಿಣವೇನೋ ಬಂತು, ಮಹಾಯುದ್ಧ ಮುಗಿದು ಪೇಟೆಯ ಧಾರಣೆ ಇಳಿದಿದ್ದರಿಂದ ನಷ್ಟವೂ ಬಂತು. ಆಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಖರ್ಚನ್ನು ಹಿಡಿತಕ್ಕೆ ತಂದು ಕಾರ್ಖಾನೆಯನ್ನು ನಿಲ್ಲಿಸಿದರು. ಕುಲುಮೆ ಉರಿದರೆ ಸಾಲದು, ಲೆಕ್ಕವೂ ಕೂಡಬೇಕು. ಈ ಎರಡನ್ನೂ ಒಂದೇ ಮನೆಯಲ್ಲಿ ಕಲಿಸಹೊರಟ ವಿಭಾಗಕ್ಕೆ ಎರಡೂ ಬಲ್ಲ ಯಜಮಾನ ಬೇಕು. ಇಲ್ಲವಾದರೆ ಯಂತ್ರದವರು ಒಂದು ಜಗಲಿ, ಲೆಕ್ಕದವರು ಇನ್ನೊಂದು ಜಗಲಿ. ನಡುವೆ ಹುಡುಗ ಅನಾಥ.

ಅನುಭವಸ್ಥರನ್ನು ತರಲು ಇಂದು ದಾರಿಯಿಲ್ಲವೆಂದಲ್ಲ. ಉದ್ಯಮದಲ್ಲಿ ಕನಿಷ್ಠ 15 ವರ್ಷ ದುಡಿದು ಹೆಸರು ಮಾಡಿದವರನ್ನು, ಪಿಎಚ್.ಡಿ. ಇಲ್ಲದಿದ್ದರೂ, ಅಧ್ಯಾಪಕರಾಗಿ ಕರೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಅವಕಾಶ ಕೊಟ್ಟಿತು. ಆದರೆ ಅವರ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ. ಅವರು ಬಂದು ಹೋಗುವವರು; ಮನೆ ನಡೆಸುವವರು ಬೇರೆ ಇರಬೇಕು. ನಮ್ಮ ಅನೇಕ ಕಡೆ ಆ ಸ್ಥಾನವನ್ನು ಸೇವಾಹಿರಿತನಕ್ಕೆ ಬಹುಮಾನವೆಂಬಂತೆ ಕೊಡುತ್ತಾರೆ. ಇಲ್ಲವೆ "ಪ್ರಭಾರ" ಎಂಬ ಹಣೆಪಟ್ಟಿ ಹಚ್ಚಿ ವರ್ಷಗಟ್ಟಲೆ ದೂಡುತ್ತಾರೆ. ಪ್ರಭಾರದವನಿಗೆ ಭಾರವುಂಟು, ಅಧಿಕಾರವಿಲ್ಲ. ಹೊಸ ಪಾಠಪಟ್ಟಿಗೆ ರುಜು ಹಾಕಲು ಅವನ ಕೈ ನಡುಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1962ರಲ್ಲಿ ಹೀಗೆ ಮಾಡಲಿಲ್ಲ. ನಲವತ್ತೆರಡರ ಆಸುಪಾಸಿನಲ್ಲಿದ್ದ ಸತೀಶ್ ಧವನ್ ಅವರನ್ನು ನಿರ್ದೇಶಕರನ್ನಾಗಿ ಮಾಡಿ 1981ರ ವರೆಗೆ ನಂಬಿ ನಡೆಯಿತು. 1972ರಿಂದ ಅವರು ಬಾಹ್ಯಾಕಾಶ ಸಂಸ್ಥೆಯ ಹೊಣೆಯನ್ನೂ ಹೊತ್ತರು. 1979ರ ಆಗಸ್ಟಿನಲ್ಲಿ ರಾಕೆಟ್ಟು ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ನಿಂತವರು ಧವನ್. 1980ರ ಜುಲೈಯಲ್ಲಿ ಅದು ಗುರಿ ಮುಟ್ಟಿದಾಗ ಪತ್ರಕರ್ತರ ಮುಂದೆ ನಿಲ್ಲಿಸಿದ್ದು ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು. ಈ ಗುಣ ಯಾವ ಪ್ರಮಾಣಪತ್ರದಲ್ಲಿಯೂ ಬರೆದಿರುವುದಿಲ್ಲ.

ಆದ್ದರಿಂದ ಆರಿಸುವವರಲ್ಲಿ ನನ್ನ ವಿನಂತಿ ಇಷ್ಟು. ಪ್ರಕಟವಾದ ಲೇಖನಗಳನ್ನು ಎಣಿಸಿರಿ, ಬೇಡವೆನ್ನುವುದಿಲ್ಲ. ಜೊತೆಗೆ ಮೂರು ಪ್ರಶ್ನೆ ಕೇಳಿರಿ: ಕೆಲಸ ಕೆಟ್ಟಾಗ ಹೊಣೆ ಯಾರು ಹೊತ್ತರು? ಕಿರಿಯರಲ್ಲಿ ಯಾರನ್ನು ಬೆಳೆಸಿದ್ದೀರಿ? ಈ ವರ್ಷ ತಾವೇ ಯಾವ ತರಗತಿಗೆ ಪಾಠ ಹೇಳುವಿರಿ? ಉತ್ತರ ಒಪ್ಪಿಗೆಯಾದರೆ ಪೂರ್ಣ ಅವಧಿಯನ್ನೂ ಪೂರ್ಣ ಅಧಿಕಾರವನ್ನೂ ಕೊಡಿರಿ; ತರುವಾಯ ಲೆಕ್ಕ ಕೇಳಿರಿ.

ತಂದೆತಾಯಿಗಳೂ ಮಕ್ಕಳನ್ನು ಸೇರಿಸುವ ಮುನ್ನ ಕಟ್ಟಡದ ಗಾಜನ್ನು ನೋಡಿ ಮರುಳಾಗಬಾರದು. ವಿಭಾಗಕ್ಕೆ ಯಜಮಾನರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಲಿ. ಕೇಳುವ ಹಕ್ಕು ಅವರಿಗುಂಟು.