ಗುರುತಿಸದ ಹುದ್ದೆ



ಖಡಕಿಯ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆಯನ್ನು ತಾವು ಬಲ್ಲಿರಿ. ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆ ಕಸುಬು ಕಲಿಸಲೆಂದು 1917ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಅನಂತರ ಇಲ್ಲಿ ನೆಲೆಸಿದ ಸಂಸ್ಥೆ ಅದು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ ಪೇಟ್ಕರ್ ಅವರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದುದನ್ನು ಎಲ್ಲರೂ ಹೊಗಳುತ್ತಾರೆ. ಅವರು ಪುಣೆಯ ಟೆಲ್ಕೊದಲ್ಲಿ ದುಡಿದು ಬಾಳಿದ್ದು ನನಗೆ ಅದಕ್ಕಿಂತ ಹಿರಿದಾಗಿ ಕಾಣುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. 1995ರ ಅಧಿನಿಯಮವು ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇಕಡಾ 3ರ ಮೀಸಲಾತಿ ಕೊಟ್ಟಿತ್ತು. ಆದರೆ ಅಂಥವರು ಮಾಡಬಲ್ಲ ಕೆಲಸವೆಂದು 'ಗುರುತಿಸಿದ' ಹುದ್ದೆಗಳನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿಯುತ್ತಿದ್ದೆವು. ಗುರುತಿಸಬೇಕಾದವರೂ ನಾವೇ! ನಾನಿದ್ದ ಕಚೇರಿಯೊಂದಕ್ಕೆ ಅಂಧ ತರುಣನೊಬ್ಬನ ಅರ್ಜಿ ಬಂತು. ಪದವೀಧರ, ಬೆರಳಚ್ಚು ಬಲ್ಲವನು. 'ಹುದ್ದೆಯನ್ನು ಗುರುತಿಸಿಲ್ಲ' ಎಂಬ ಟಿಪ್ಪಣಿಯ ಕೆಳಗೆ ನಾನು ಸಹಿ ಹಾಕಿದೆ. ಅವನನ್ನು ಕರೆದು ಒಂದು ಮಾತು ಕೇಳಲೂ ಇಲ್ಲ. ಒಟ್ಟು ಖಾಲಿ ಹುದ್ದೆಗಳ ಮೇಲೆಯೇ ಮೀಸಲಾತಿ ಲೆಕ್ಕ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಅಕ್ಟೋಬರ್ 8ರಂದು ತೀರ್ಪಿತ್ತಾಗ ಅವನ ವಯೋಮಿತಿ ದಾಟಿಹೋಗಿರಬೇಕು.

2016ರ ಅಧಿನಿಯಮವು ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿತು. ಕೆಲಸಕ್ಕೆ ಬೇಕಾದ ಅನುಕೂಲ ಒದಗಿಸುವುದು ಸರ್ಕಾರಿ ಕಚೇರಿಯ ಹೊಣೆಯೆಂದೂ ವಿಧಿಸಿತು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ; ಅಲ್ಲಿ ಸ್ಪರ್ಧಿಸಿಯೇ ಗೆಲ್ಲಬೇಕು.

ಸ್ಪರ್ಧೆಯೆಂದರೆ ಮೊದಲು ಪರೀಕ್ಷೆ. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗವು 2023ರಲ್ಲಿ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಿತು. ಅಕ್ಕಲಕೋಟೆಯಲ್ಲೋ ಜತ್ತಿನಲ್ಲೋ ಕನ್ನಡ ಶಾಲೆಯಲ್ಲಿ ಕಲಿತ ಅಂಧ ಅಭ್ಯರ್ಥಿ ಪುಣೆಯ ಕೇಂದ್ರಕ್ಕೆ ಬಂದನೆನ್ನಿ. 2018ರ ಮಾರ್ಗಸೂಚಿಯು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವನ್ನೂ ಸ್ಕ್ರೈಬ್ ಎಂದು ಕರೆಯುವ ಸಹಾಯಕ ಬರಹಗಾರನನ್ನೂ ಕೊಡಿಸಿತು. ಆದರೆ ಪಕ್ಕದಲ್ಲಿ ಕುಳಿತವನಿಗೆ ಕನ್ನಡ ಅಕ್ಷರವೇ ಬಾರದಿದ್ದರೆ? ಪ್ರಶ್ನೆಯನ್ನು ಓದುವವರು ಯಾರು?

ಇದು ದೆಹಲಿಯಿಂದ ಆಗುವ ಕೆಲಸವಲ್ಲ, ನಮ್ಮಿಂದ ಆಗುವಂಥದು. ಪರೀಕ್ಷೆ ನಡೆಸುವವರ ಬಳಿ ಇರುವ ಸಹಾಯಕರ ಪಟ್ಟಿಗೆ ಕನ್ನಡ ಬಲ್ಲ ಕಾಲೇಜು ವಿದ್ಯಾರ್ಥಿಗಳ ಹೆಸರುಗಳನ್ನು ಸಂಘವೇ ಕಳುಹಿಸಬಹುದು. ಇಲ್ಲೊಂದು ತೊಡಕಿದೆ, ಬೇಸರಿಸಬೇಡಿ: ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವವರು ಕಡಿಮೆ. ನನ್ನ ಮನೆಯಲ್ಲೂ ಹಾಗೆಯೇ. ಬಾಗಿಲ ಬಳಿ ಒಂದು ಪುಸ್ತಕವಿಟ್ಟಿದ್ದೇವೆ. ಓದಬಲ್ಲವರ ಹೆಸರನ್ನು ಬಲಪುಟದಲ್ಲಿಯೂ ಕಲಿಯಲು ಸಿದ್ಧರಿರುವವರ ಹೆಸರನ್ನು ಎಡಪುಟದಲ್ಲಿಯೂ ಬರೆಯಿರಿ. ಎಡಪುಟದ ಮೊದಲ ಹೆಸರು ನನ್ನ ಮಗನದು.