ಸೌದೆ ಸೀಳುವ ಯಂತ್ರದ ಆಯ್ಕೆ ಮತ್ತು ಬಳಕೆ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರಿಗಾಗಿ ಉಪನ್ಯಾಸ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಗಳಲ್ಲಿ ಅಡಿಕೆಯ ಕೊಯ್ಲು ಮಳೆಗಾಲ ಮುಗಿಯುವುದಕ್ಕೆ ಮುಂಚೆಯೇ ಮೊದಲಾಗುತ್ತದೆ. ಹಸಿಗಾಯಿಯನ್ನು ಗೊನೆಯಿಂದ ಬಿಡಿಸಿ, ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಹಿಡಿಸಿ ಒಣಹಾಕುವ ಕೆಲಸವು ಒಂದರ ಹಿಂದೆ ಒಂದು ನಡೆಯಬೇಕಾದುದು, ನಡುವೆ ನಿಲ್ಲಿಸತಕ್ಕದ್ದಲ್ಲ. ಸುಲಿದ ಅಡಿಕೆ ಬೇಯದೆ ಕುಳಿತರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ಬೆಲೆ ಇಳಿಯುತ್ತದೆ. ಹಿಂದೆ ಊರಿನ ಹೆಂಗಸರು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದ ಕಾಲದಲ್ಲಿ ಸುಲಿತವೇ ನಿಧಾನ. ಆದುದರಿಂದ ಒಲೆಗೆ ಬಿಡುವಿರುತ್ತಿತ್ತು. ಸುಲಿಯುವ ಯಂತ್ರಗಳು ಬಂದ ಮೇಲೆ ಹಂಡೆಯ ಹಿಂದೆ ಹಂಡೆ ತುಂಬುತ್ತದೆ, ಒಲೆಯು ಹಗಲಿರುಳು ಉರಿಯಬೇಕಾಗುತ್ತದೆ. ಈಗ ಕೆಲಸವು ತಡೆದು ನಿಲ್ಲುವುದು ಸೌದೆಯ ಬಳಿ. ಆದ ಕಾರಣವೇ ತೋಟದವರೂ ಖೇಣಿದಾರರೂ ಸೌದೆ ಸೀಳುವ ಯಂತ್ರವನ್ನು ವಿಚಾರಿಸತೊಡಗಿದ್ದಾರೆ.

ವಿಚಾರಿಸುವುದು ಯುಕ್ತವೇ. ಆದರೆ ಯಂತ್ರಕ್ಕೆ ಹಣ ಕೊಡುವುದಕ್ಕೆ ಮುಂಚೆ ತಿಳಿದುಕೊಳ್ಳಬೇಕಾದ ಸಂಗತಿಯೊಂದುಂಟು. ಸೌದೆಯನ್ನು ಯಾವುದರಿಂದ ಸೀಳಿದರು ಎಂಬುದಕ್ಕಿಂತ ಯಾವಾಗ ಸೀಳಿದರು ಎಂಬುದು ಒಲೆಗೆ ಹೆಚ್ಚು ಮುಖ್ಯ. ಭಾದ್ರಪದದಲ್ಲಿ ಬೆಲೆಬಾಳುವ ಯಂತ್ರದಿಂದ ಸೀಳಿದ ಹಸಿ ಸೌದೆಯು, ಮಾಘದಲ್ಲಿ ಬೆಣೆ ಸಮ್ಮಟಿಗಳಿಂದ ಸೀಳಿ ಬಿಸಿಲು ಕಂಡ ಸೌದೆಗೆ ಎಂದಿಗೂ ಸಮನಾಗದು.

ಇದರ ಲೆಕ್ಕವು ಸುಲಭವಾದುದು. ಈಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. 100 ಕಿಲೋ ಹಸಿ ಸೌದೆಯನ್ನು ತೂಗಿಸಿ ಕೊಂಡವನು 50 ಕಿಲೋ ನೀರಿಗೂ ಹಣ ಕೊಟ್ಟಿರುತ್ತಾನೆ, ಅದರ ಸಾಗಾಣಿಕೆಯ ಕೂಲಿಯನ್ನೂ ಕೊಟ್ಟಿರುತ್ತಾನೆ. ಒಲೆಯಲ್ಲಿ ಆ 50 ಕಿಲೋ ನೀರನ್ನು ಆವಿ ಮಾಡುವುದಕ್ಕೆ ಸುಮಾರು 7 ಕಿಲೋ ಒಣಸೌದೆಯ ಶಾಖ ವ್ಯರ್ಥವಾಗುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇದಕ್ಕಿಂತ ದೊಡ್ಡ ನಷ್ಟ ಬೇರೆಯುಂಟು. ಒದ್ದೆಯಾದ ಬೆಂಕಿಯು ಕಾವೇರದೆ, ಮರದಿಂದ ಹೊರಡುವ ಅನಿಲಗಳು ಪೂರ್ತಿಯಾಗಿ ಉರಿಯದೆ ಹೊಗೆಯಾಗಿ ಹೋಗುತ್ತವೆ. ಅಡಿಕೆಯ ಒಲೆಯ ಮುಂದೆ ರಾತ್ರಿಯೆಲ್ಲ ಕಣ್ಣು ಉಜ್ಜಿಕೊಳ್ಳುತ್ತ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರು ನೂರಕ್ಕೆ 15ರಿಂದ 20ರಷ್ಟು ಮಾತ್ರ ಉಳಿದಿರುತ್ತದೆ.

ಸೀಳದ ದಿಮ್ಮಿಯು ಬೇಗ ಒಣಗುವುದಿಲ್ಲ. ತೊಗಟೆಯು ನೀರನ್ನು ಹೊರಕ್ಕೆ ಬಿಡಗೊಡದು. ಎರಡು ತುದಿಗಳಿಂದ ಮಾತ್ರ ನೀರು ಆರುತ್ತದೆ. ಆದುದರಿಂದ ದಿಮ್ಮಿಯನ್ನು ಮೊದಲು ಒಲೆಯ ಬಾಯಿಗೆ ತಕ್ಕ ಉದ್ದಕ್ಕೆ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಅಡಿಯ ಕೊರಡುಗಳಾಗಿ ಕೊಯ್ದು, ಆಮೇಲೆ ಸೀಳಬೇಕು. ಹಂಡೆಯ ಒಲೆಗೆ ಮೂರು ನಾಲ್ಕು ಅಂಗುಲ ದಪ್ಪದ ಸೀಳುಗಳು ಸಾಕು. ಅಡಿಗೆಯ ಒಲೆಗೆ, ಅದರಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಗೊಂಡ ಅಸ್ತ್ರ ಒಲೆಯಂತಹ ಮುಚ್ಚಿದ ಒಲೆಗಳಿಗೆ, ಇನ್ನೂ ಸಣ್ಣದಾಗಿ ಸೀಳಬೇಕಾಗುತ್ತದೆ. ಪುಷ್ಯ ಮಾಘಗಳಲ್ಲಿ ಸೀಳಿದರೆ ವೈಶಾಖದವರೆಗಿನ ಬಿಸಿಲು ಅದಕ್ಕೆ ದೊರೆಯುತ್ತದೆ. ಅಡಿಕೆಯ ಕೊಯ್ಲು ಮುಗಿದು ಆಳುಗಳಿಗೆ ಬಿಡುವಿರುವ ಕಾಲವೂ ಅದೇ.

ಇನ್ನು ಮರದ ವಿಚಾರ. ಸೀಳುವುದೆಂದರೆ ಕಡಿಯುವುದಲ್ಲ, ಮರದ ಎಳೆಗಳನ್ನು ಒಂದರಿಂದೊಂದು ಬಿಡಿಸುವುದು. ಆದುದರಿಂದ ಎಳೆಯು ನೇರವಾಗಿರುವ ಮರವು ಸುಲಭವಾಗಿ ಸೀಳುತ್ತದೆ, ತಿರುಚಿದ ಎಳೆಯ ಮರವು ಪ್ರತಿಭಟಿಸುತ್ತದೆ. ಗಾಳಿಮರ, ಮಾವು, ಸಿಲ್ವರ್ ಓಕು ಇವು ಸೌಮ್ಯವಾದ ಜಾತಿಗಳು. ಸತ್ತ ಅಡಿಕೆಯ ಮರವನ್ನು ದಬ್ಬೆ ಮಾಡುವುದಕ್ಕೆ ಯಂತ್ರವಂತೂ ಬೇಡವೇ ಬೇಡ. ನೀಲಗಿರಿಯ ಸ್ವಭಾವ ಬೇರೆ. ಹಸಿಯಾಗಿರುವಾಗ ಅದು ಸೀಳುತ್ತದೆ, ಒಣಗಿದ ಮೇಲೆ ಎಳೆಗಳು ಬಿಗಿದುಕೊಂಡು ಕೊಡಲಿಯನ್ನೇ ಹಿಡಿದುಕೊಳ್ಳುತ್ತದೆ. ಕಡಿದ ವಾರದಲ್ಲಿಯೇ ಸೀಳಿಬಿಡುವುದು ಜಾಣತನ. ಹುಣಸೆಯ ಬುಡವೂ ಕವಲೊಡೆದ ಗಂಟುಗಳೂ ಎಲ್ಲಕ್ಕಿಂತ ಕಠಿಣ. ಯಂತ್ರದ ನಿಜವಾದ ಪರೀಕ್ಷೆಯಾಗುವುದು ಇವುಗಳ ಮೇಲೆಯೇ.

ಕೈಯಿಂದ ಸೀಳುವವರು ಬಹುಮಂದಿ ಮರ ಕಡಿಯುವ ತೆಳುಬಾಯಿಯ ಕೊಡಲಿಯನ್ನೇ ಸೀಳುವುದಕ್ಕೂ ಬಳಸುತ್ತಾರೆ. ತೆಳುಬಾಯಿಯು ಒಳಕ್ಕೆ ಹೋಗುತ್ತದೆಯೇ ಹೊರತು ಎಳೆಗಳನ್ನು ಅಗಲಿಸುವುದಿಲ್ಲ. ಸೀಳುವ ಕೊಡಲಿಯ ಕೆನ್ನೆ ದಪ್ಪವಾಗಿರಬೇಕು, ತೂಕ ಎರಡೂವರೆಯಿಂದ ಮೂರು ಕಿಲೋ ಇರಬೇಕು. ಕೊರಡಿನ ತುದಿಯನ್ನು ನೋಡಿದರೆ ನಡುವಿನ ತಿರುಳಿನಿಂದ ಹೊರಕ್ಕೆ ಹೋಗುವ ಬಿರುಕುಗಳು ಕಾಣಿಸುತ್ತವೆ. ಮರವು ಒಣಗುವಾಗ ಉಂಗುರಗಳ ಸುತ್ತಳತೆಯ ಕಡೆಗೆ ಹೆಚ್ಚಾಗಿಯೂ ತಿರುಳಿನ ಕಡೆಗೆ ಕಡಿಮೆಯಾಗಿಯೂ ಕುಗ್ಗುವುದರಿಂದ ಈ ಬಿರುಕುಗಳು ಹುಟ್ಟುತ್ತವೆ. ಮರವು ತಾನೇ ತೋರಿಸಿದ ಆ ದಾರಿಯಲ್ಲಿ ಬೆಣೆಯನ್ನು ಇಡಬೇಕು, ಗಂಟನ್ನು ತಪ್ಪಿಸಿ ಇಡಬೇಕು. ಏಟು ತಿಂದು ತಲೆ ಅಣಬೆಯಂತೆ ಅರಳಿದ ಕಬ್ಬಿಣದ ಬೆಣೆಯನ್ನು ಸಾಣೆ ಹಿಡಿಸದೆ ಬಳಸಕೂಡದು. ಅದರಿಂದ ಸಿಡಿಯುವ ಚೂರು ಕಣ್ಣನ್ನು ಕಳೆಯಬಲ್ಲುದು. ಕೊಡಲಿಯ ಹಿಂಬದಿಯನ್ನು ಸಮ್ಮಟಿಯಿಂದ ಹೊಡೆಯುವ ಅಭ್ಯಾಸಕ್ಕೂ ಇದೇ ಎಚ್ಚರಿಕೆ. ಒಂದೆರಡು ಎಕರೆ ತೋಟವುಳ್ಳ ಮನೆಗೆ ಒಳ್ಳೆಯ ಕೊಡಲಿ, ಎರಡು ಬೆಣೆ, ಒಂದು ಸಮ್ಮಟಿ ಇವಿಷ್ಟರಿಂದಲೇ ಬೇಸಿಗೆಯಲ್ಲಿ ಕೆಲಸ ಸಾಗುತ್ತದೆ.

ಅದಕ್ಕಿಂತ ಹೆಚ್ಚು ಅಡಿಕೆ ಬೇಯಿಸುವವರಿಗೂ, ಹಲವರ ತೋಟಗಳನ್ನು ಹಿಡಿದ ಖೇಣಿದಾರರಿಗೂ ಯಂತ್ರವು ಬೇಕಾಗಬಹುದು. ಪೇಟೆಯಲ್ಲಿ ಮುಖ್ಯವಾಗಿ ಎರಡು ಬಗೆಯವು ದೊರೆಯುತ್ತವೆ. ಒಂದು, ತಿರುಪು ಕೊರೆದ ಶಂಕುವಿನಾಕಾರದ ಉಕ್ಕಿನ ಮೊನೆಯು ತಿರುಗುತ್ತ ಕೊರಡಿನೊಳಕ್ಕೆ ನುಗ್ಗಿ ಸೀಳುವುದು. ಇನ್ನೊಂದು, ಎಣ್ಣೆಯ ಒತ್ತಡದಿಂದ, ಎಂದರೆ ಹೈಡ್ರಾಲಿಕ್ ಸಿಲಿಂಡರಿನಿಂದ, ಕೊರಡನ್ನು ಬೆಣೆಯ ಮೇಲೆ ನಿಧಾನವಾಗಿ ತಳ್ಳುವುದು.

ತಿರುಪಿನ ಯಂತ್ರವು ಬೆಲೆಯಲ್ಲಿ ಅಗ್ಗ, ಕೆಲಸದಲ್ಲಿ ಚುರುಕು. ಇದನ್ನು ಟ್ರ್ಯಾಕ್ಟರಿನ ಹಿಂಬದಿಯ ಪಿ.ಟಿ.ಓ. ದಂಡಕ್ಕೆ ಜೋಡಿಸುವುದೂ ಉಂಟು. ಆದರೆ ಇದನ್ನು ಕೊಳ್ಳಬಾರದೆಂದು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ತಿರುಪು ಕೊರಡನ್ನು ತಾನೇ ಎಳೆದುಕೊಳ್ಳುತ್ತದೆ. ಗಂಟಿಗೆ ಸಿಕ್ಕಿದರೆ ಇಡೀ ಕೊರಡೇ ಗಿರ್ರನೆ ತಿರುಗಿ ಹಿಡಿದವನ ಕೈಯನ್ನೂ ಮೊಣಕಾಲನ್ನೂ ಮುರಿಯುತ್ತದೆ. ಪಂಚೆಯ ಅಂಚು, ಹೆಗಲ ಮೇಲಿನ ವಸ್ತ್ರ, ಸೀರೆಯ ಸೆರಗು, ಇಳಿಬಿಟ್ಟ ಜಡೆ ಯಾವುದು ಸಿಕ್ಕಿದರೂ ಬಿಡುವುದಿಲ್ಲ. ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ತಿರುಗುವಂತಹದು, ಎಂದರೆ ಒಂದು ಸೆಕೆಂಡಿಗೆ 9 ಸುತ್ತು; ಚಾಲಕನು ಕೂಗು ಕೇಳಿ ಕೈಚಾಚುವಷ್ಟರಲ್ಲಿ ಆಗಬೇಕಾದುದು ಆಗಿಹೋಗಿರುತ್ತದೆ. ಪಂಚೆಯುಟ್ಟು ಕೆಲಸ ಮಾಡುವ ಸೀಮೆಗೆ ಇದು ತಕ್ಕ ಯಂತ್ರವಲ್ಲ.

ಎಣ್ಣೆಯೊತ್ತಡದ ಯಂತ್ರವನ್ನು ಆರಿಸುವಾಗ ಮಾರುವವರು ಮೊದಲು ಹೇಳುವುದು ಟನ್ನುಗಳ ಲೆಕ್ಕ. ಅದನ್ನು ಕೇಳಿ ತಲೆದೂಗದೆ ಸಿಲಿಂಡರಿನ ವ್ಯಾಸವೆಷ್ಟು, ಎಣ್ಣೆಯ ಒತ್ತಡವೆಷ್ಟು ಎಂದು ವಿಚಾರಿಸಿ ಗುಣಿಸಿ ನೋಡಬೇಕು. ಸುಮಾರು 4 ಅಂಗುಲ, ಎಂದರೆ 10 ಸೆಂಟಿಮೀಟರು ವ್ಯಾಸದ ಸಿಲಿಂಡರಿನ ಮುಖವು ಸುಮಾರು 78 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡವಿದ್ದರೆ ದೊರೆಯುವ ಬಲ 15,600 ಕಿಲೋ, ಎಂದರೆ ಹದಿನೈದು ಟನ್ನಿಗೆ ಸ್ವಲ್ಪ ಮೇಲು. ಇದೇ ಯಂತ್ರಕ್ಕೆ ಮೂವತ್ತು ಟನ್ನೆಂದು ಚೀಟಿ ಅಂಟಿಸಿದ್ದರೆ ಅಂಗಡಿಯಿಂದ ಎದ್ದು ಬರುವುದು ಲೇಸು. ಹೆಚ್ಚಿನ ಸೌದೆಗೆ ಈ ಹದಿನೈದು ಟನ್ನು ಸಾಕು. ಹುಣಸೆಯ ಬುಡ, ನೀಲಗಿರಿಯ ಒಣಗಂಟು ಇವೇ ಹೆಚ್ಚಾಗಿರುವವರಿಗೆ ಮಾತ್ರ 5 ಅಂಗುಲದ ಸಿಲಿಂಡರು ಬೇಕಾಗುತ್ತದೆ.

ದೊಡ್ಡ ಸಿಲಿಂಡರು ಕೊಂಡರೆ ದೊಡ್ಡ ಲಾಭವೆಂದು ಭಾವಿಸತಕ್ಕದ್ದಲ್ಲ. ಪಂಪು ನಿಮಿಷಕ್ಕೆ 15 ಲೀಟರು ಎಣ್ಣೆ ಕೊಡುವುದಾದರೆ 4 ಅಂಗುಲದ ಸಿಲಿಂಡರು ಎರಡು ಅಡಿ ಮುಂದೆ ಹೋಗುವುದಕ್ಕೆ ಸುಮಾರು 19 ಸೆಕೆಂಡು ಹಿಡಿಯುತ್ತದೆ. 5 ಅಂಗುಲದ್ದಕ್ಕೆ ಸುಮಾರು 30 ಸೆಕೆಂಡು. ಅಷ್ಟು ಎಣ್ಣೆಯನ್ನು ಪೂರ್ಣ ಒತ್ತಡದಲ್ಲಿ ತಳ್ಳಲು ಸುಮಾರು 8 ಅಶ್ವಶಕ್ತಿಯ ಎಂಜಿನು ಬೇಕು. 3 ಅಶ್ವಶಕ್ತಿಯ ಮೋಟಾರಿನಿಂದ ಅದೇ ವೇಗವನ್ನು ನಿರೀಕ್ಷಿಸಿದರೆ ನಿರಾಶೆಯೇ ಗತಿ, ಒಂದೊಂದು ಕೊರಡಿಗೂ ಸುಮಾರು ಒಂದು ನಿಮಿಷ ಕಾಯಬೇಕಾದೀತು. ಈ ತೊಂದರೆಗೆ ಎರಡು ಹಂತದ ಪಂಪು ಒಳ್ಳೆಯ ಪರಿಹಾರ. ಅದು ಬೆಣೆಯು ಮರವನ್ನು ಮುಟ್ಟುವವರೆಗೆ ಹೆಚ್ಚು ಎಣ್ಣೆಯನ್ನು ಕಡಿಮೆ ಒತ್ತಡದಲ್ಲಿಯೂ, ಮುಟ್ಟಿದ ಮೇಲೆ ಕಡಿಮೆ ಎಣ್ಣೆಯನ್ನು ಹೆಚ್ಚು ಒತ್ತಡದಲ್ಲಿಯೂ ಕೊಡುತ್ತದೆ. ತೋಟದಲ್ಲಿ ವಿದ್ಯುಚ್ಛಕ್ತಿ ದೊರೆಯುವ ವೇಳೆಯು ನಿಯಮಿತವಾದುದರಿಂದ, ಅದು ಬಂದಾಗ ನೀರೆತ್ತುವ ಪಂಪನ್ನು ನಿಲ್ಲಿಸಿ ಸೌದೆ ಸೀಳಲು ಯಾರೂ ಒಪ್ಪಲಾರರು. ಡೀಸೆಲ್ ಎಂಜಿನಿನದಾಗಲಿ, ಟ್ರ್ಯಾಕ್ಟರಿನ ಶಕ್ತಿಯಿಂದ ನಡೆಯುವ ಹೈಡ್ರಾಲಿಕ್ ಪಂಪಿನದಾಗಲಿ ಇಲ್ಲಿಗೆ ಹೆಚ್ಚು ಅನುಕೂಲ. ಟ್ರ್ಯಾಕ್ಟರಿಗೆ ಜೋಡಿಸುವುದಾದರೆ ತಿರುಗುವ ದಂಡದ ಮೇಲಿನ ಕವಚವು ಇದ್ದೇ ತೀರಬೇಕು.

ಹಣ ಕೊಡುವ ಮುಂಚೆ ತಮ್ಮ ಬಳಿಯಿರುವ ಅತಿ ಹಟಮಾರಿ ಕೊರಡೊಂದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಎದುರಿಗೇ ಸೀಳಿಸಿ ನೋಡಬೇಕು. ಅಂಗಡಿಯವರು ಇಟ್ಟುಕೊಂಡಿರುವ ನೇರ ಎಳೆಯ ಕೊರಡು ಯಾವ ಯಂತ್ರದಲ್ಲಿಯೂ ಸೀಳುತ್ತದೆ. ಹಿಡಿಕೆಗಳನ್ನೂ ಗಮನಿಸಬೇಕು. ಯೂರೋಪಿನ ಸುರಕ್ಷತಾ ನಿಯಮಗಳು ಬೆಣೆಯ ಯಂತ್ರಗಳಿಗೆ ಎರಡು ಕೈಗಳಿಂದಲೂ ಹಿಡಿಯಬೇಕಾದ ಹಿಡಿಕೆಗಳನ್ನು ವಿಧಿಸುತ್ತವೆ. ಒಂದು ಕೈ ತೆಗೆದೊಡನೆ ಬೆಣೆಯು ನಿಲ್ಲುತ್ತದೆ. ಎರಡು ಕೈಯೂ ಹಿಡಿಕೆಯ ಮೇಲಿದ್ದಾಗ ಬೆರಳು ಬೆಣೆಯ ಕೆಳಗೆ ಇರಲಾರದು. ಹೀಗಿರುವ ಯಂತ್ರವು ಸ್ವಲ್ಪ ಹೆಚ್ಚು ಬೆಲೆಯದಾದರೂ ಅದನ್ನೇ ಆರಿಸುವುದು ಯುಕ್ತ.

ಕೆಲಸದ ವೇಳೆಯಲ್ಲಿ ಕೊರಡನ್ನು ಇಡುವವನೂ ಹಿಡಿಕೆಯನ್ನು ಹಿಡಿಯುವವನೂ ಒಬ್ಬನೇ ಆಗಿರಬೇಕು. ಒಬ್ಬನು ಇಡುತ್ತಿರುವಾಗ ಇನ್ನೊಬ್ಬನು ಹಿಡಿಕೆ ಎಳೆಯುವ ಏರ್ಪಾಡು ಬೇಗ ಸಾಗುವಂತೆ ಕಾಣುತ್ತದೆ. ಬೆರಳುಗಳು ಹೋಗುವುದೂ ಆ ಏರ್ಪಾಡಿನಿಂದಲೇ. ಉಳಿದವರು ಕೊರಡು ತರುವುದನ್ನೂ ಸೀಳನ್ನು ಒಟ್ಟುವುದನ್ನೂ ದೂರದಿಂದಲೇ ಮಾಡಲಿ. ಕೊರಡಿನ ಎರಡು ತುದಿಗಳನ್ನೂ ಚಚ್ಚೌಕವಾಗಿ ಕೊಯ್ದಿರಬೇಕು, ಓರೆಯಾದ ತುದಿಯು ಒತ್ತಡಕ್ಕೆ ಜಾರಿ ಹಾರುತ್ತದೆ. ಎಳೆಗೆ ಅಡ್ಡವಾಗಿ ಸೀಳಲು ಎಂದಿಗೂ ಯತ್ನಿಸಬಾರದು. ಕೊರಡು ಸಿಕ್ಕಿಕೊಂಡರೆ ಎಂಜಿನನ್ನು ನಿಲ್ಲಿಸಿಯೇ ಬಿಡಿಸತಕ್ಕದ್ದು. ಅಡಿಕೆಯ ಸುಗ್ಗಿಯಲ್ಲಿ ನಿದ್ದೆಗೆಟ್ಟ ಆಳುಗಳು ನಡುರಾತ್ರಿ ಸೌದೆ ಸಾಲದೆಂದು ಯಂತ್ರವನ್ನು ಹೂಡುವುದುಂಟು. ಬೇಸಿಗೆಯಲ್ಲಿಯೇ ಸೀಳಿಟ್ಟ ಮನೆಗೆ ಈ ಅಪಾಯವೇ ಇಲ್ಲ.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದಂತಹದು. ಎಣ್ಣೆಯ ಕೊಳವೆಯಲ್ಲಿ ಸೂಜಿಯ ಮೊನೆಯಷ್ಟು ತೂತು ಬಿದ್ದರೂ ಆ ಒತ್ತಡದಲ್ಲಿ ಎಣ್ಣೆಯು ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುವುದರಿಂದ ಅರಿಸಿನ ಹಚ್ಚಿ ಸುಮ್ಮನಾಗುವವರೇ ಹೆಚ್ಚು. ಆದರೆ ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯಲು ಮೊದಲಾಗಿ ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಿ ಬರಬಹುದು. ನೋವಿಲ್ಲದಿದ್ದರೂ ತಡಮಾಡದೆ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹೋಗಿ, ಎಣ್ಣೆ ಹೊಕ್ಕಿದೆಯೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಸೋರಿಕೆಯನ್ನು ಕೈಯಿಂದ ತಡವಿ ಹುಡುಕದೆ, ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಜಗಳೂರಿನ ಮಾತು ಪ್ರತ್ಯೇಕ. ಅಲ್ಲಿಯ ಮಳೆ ಕಡಮೆ, ಬಯಲಿನಲ್ಲಿ ಬಳ್ಳಾರಿ ಜಾಲಿಯೇ ಹೇರಳ. ಈ ಜಾಲಿಯ ಸೌದೆ ಭಾರವಾದದ್ದು, ಚೆನ್ನಾಗಿ ಉರಿಯುವಂತಹದು; ಆದರೆ ಕಾಂಡಗಳು ತೋಳಿನ ದಪ್ಪವೂ ಇಲ್ಲದೆ ಸೊಟ್ಟಗಿರುತ್ತವೆ. ಇದಕ್ಕೆ ಬೇಕಾದುದು ಅಡ್ಡ ಕೊಯ್ಯುವ ಗರಗಸವೂ ಮುಳ್ಳಿನಿಂದ ಕೈಯನ್ನು ಕಾಯುವ ದಪ್ಪ ಚರ್ಮದ ಕೈಚೀಲವೂ ಹೊರತು ಸೀಳುವ ಯಂತ್ರವಲ್ಲ. ಅಲ್ಲಿಯ ರೈತರು ಈ ಯಂತ್ರಕ್ಕೆ ಹಣ ಹಾಕದಿರುವುದೇ ಮೇಲು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅರಣ್ಯವು 2011ರಿಂದ ಕೊಂಡುಕುರಿಗಳ ವನ್ಯಧಾಮವಾಗಿದೆ. ಅಲ್ಲಿಂದ ಸೌದೆ ತರುವುದು ಅಪರಾಧ. ಸ್ವಂತ ಜಮೀನಿನ ಮರವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ವಿನಾಯಿತಿ ಪಡೆಯದ ಜಾತಿಯದಾದರೆ ಕಡಿಯುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಎಲ್ಲ ತಾಲ್ಲೂಕಿನವರೂ ನೆನಪಿಡಬೇಕು. ಹೊನ್ನಾಳಿ ನ್ಯಾಮತಿಗಳ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ ಕಾಳು ಬಿಡಿಸಿದ ದಿಂಡುಗಳು ರಾಶಿಯಾಗಿ ಉಳಿಯುತ್ತವೆ. ಸೀಳುವ ಶ್ರಮವಿಲ್ಲದ ಈ ಉರುವಲನ್ನು ಒಲೆ ಹೊತ್ತಿಸುವುದಕ್ಕಾದರೂ ಒಣಗಿಸಿಟ್ಟುಕೊಂಡರೆ ಸೌದೆ ಅಷ್ಟು ಉಳಿಯುತ್ತದೆ.

ಒಬ್ಬ ತೋಟಗಾರನ ಸೌದೆಯನ್ನೆಲ್ಲ ಸೀಳಲು ಯಂತ್ರಕ್ಕೆ ವರ್ಷದಲ್ಲಿ ಕೆಲವೇ ದಿನ ಸಾಕು; ಮಿಕ್ಕ ದಿನಗಳಲ್ಲಿ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಟ್ರ್ಯಾಕ್ಟರು ಮೊದಲಾದ ಯಂತ್ರಗಳನ್ನು ಬಾಡಿಗೆಗೆ ಕೊಡುವುದಕ್ಕಾಗಿ 2014–15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಮೊದಲಾದುದನ್ನು ರೈತರು ಬಲ್ಲರು. ಅದೇ ರೀತಿಯಲ್ಲಿ ಅಕ್ಕಪಕ್ಕದ ಎಂಟು ಹತ್ತು ಮಂದಿ ತೋಟಗಾರರು ಕೂಡಿ ಒಂದು ಒಳ್ಳೆಯ ಯಂತ್ರವನ್ನು ಕೊಂಡು, ಮಾಘದಿಂದ ಚೈತ್ರದವರೆಗೆ ಸರದಿಯಂತೆ ನಡೆಸಬಹುದು. ಆಗ ಯಂತ್ರವನ್ನು ನಡೆಸಲು ತರಬೇತಾದ ಒಬ್ಬನನ್ನೇ ಗೊತ್ತುಮಾಡಬೇಕು. ಸರದಿ ಬಂದವರೆಲ್ಲ ಕೈಹಾಕಿದರೆ ಯಂತ್ರವೂ ಉಳಿಯದು, ಕೈಯೂ ಉಳಿಯದು.

ಸೀಳಿದ ಸೌದೆಯನ್ನು ನೆಲದ ಮೇಲೆ ಸುರಿಯದೆ ಕಲ್ಲಿನ ಮೇಲೆ ಅಡ್ಡಗಂಬವಿಟ್ಟು ಒಟ್ಟಬೇಕು. ಹೀಗೆ ಒಟ್ಟಿದರೆ ಗೆದ್ದಲೂ ತೇವವೂ ತಗಲುವುದು ಕಡಮೆ. ಸಾಲುಗಳ ನಡುವೆ ಗಾಳಿಯಾಡುವಷ್ಟು ಸಂದು ಬಿಟ್ಟು, ಮೃಗಶಿರಾ ಮಳೆಗೆ ಮುಂಚೆ ಮೇಲುಭಾಗವನ್ನು ಸೋಗೆಯಿಂದಲೋ ತಗಡಿನಿಂದಲೋ ಹೊದಿಸಬೇಕು, ಪಕ್ಕಗಳನ್ನು ಮುಚ್ಚಬಾರದು. ಎರಡು ಸೀಳುಗಳನ್ನು ಒಂದಕ್ಕೊಂದು ತಟ್ಟಿದಾಗ ಮಂಕಾದ ಶಬ್ದ ಬಂದರೆ ಇನ್ನೂ ಹಸಿ, ಖಣಖಣಿಸಿದರೆ ಒಲೆಗೆ ಸಿದ್ಧವೆಂದು ತಿಳಿಯಬಹುದು.